ಪತ್ರಿಕಾಕರ್ತ ಅಂಬೇಡ್ಕರ್: ‘ಮೂಕನಾಯಕ’ದಿಂದ ‘ಪ್ರಬುದ್ಧ ಭಾರತ’ದವರೆಗೆ

ಕನ್ನಡ ಪತ್ರಿಕೋದ್ಯಮದ ಚರಿತ್ರೆಯನ್ನು ಬರೆಯುವಾಗ 1843ರ ‘ಮಂಗಳೂರ ಸಮಾಚಾರ’ದಿಂದ ಹೊರಟು ಭಾಷೆಯ ಗೆರೆಯನ್ನೇ ಹಿಡಿದು ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಈ ಕ್ರಮಕ್ಕೆ ಅದರದೇ ಆದ ಸಮರ್ಥನೆ ಇದೆ. ಆದರೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಬಂದಾಗ ಈ ಗೆರೆ ಸಾಲದಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿನ ದಲಿತ ಕೇರಿಗಳ ರಾಜಕೀಯ ಎಚ್ಚರವನ್ನು ರೂಪಿಸಿದ ಪತ್ರಿಕೆಗಳು ಕನ್ನಡದವಲ್ಲ, ಮರಾಠಿಯವು. ಅವುಗಳನ್ನು ನಡೆಸಿದವರು ಡಾ. ಬಿ.ಆರ್. ಅಂಬೇಡ್ಕರ್. ಅವರ ಬದುಕನ್ನು ಸಂವಿಧಾನದ ಕಡೆಯಿಂದ ಹಿಮ್ಮುಖವಾಗಿ ನೋಡುವ ಅಭ್ಯಾಸದಿಂದಾಗಿ ಅವರೊಳಗಿನ ಪತ್ರಿಕಾಕರ್ತ ಮರೆಯಾಗಿದ್ದಾನೆ. ಪ್ರಸ್ತುತ ಲೇಖನದಲ್ಲಿ ಆ ಪತ್ರಿಕಾಕರ್ತನ ಬದುಕನ್ನು ಗಡಿನಾಡಿನ ಕಡೆಯಿಂದ ಗಮನಿಸಲಾಗಿದೆ.

1891ರ ಏಪ್ರಿಲ್ 14ರಂದು ಮಹೂದಲ್ಲಿ ಜನಿಸಿದ ಅಂಬೇಡ್ಕರ್, ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು, ಬಡೋದೆಯ ನೌಕರಿಯಲ್ಲಿ ಅವಮಾನಿತರಾಗಿ ಮುಂಬಯಿಗೆ ಮರಳಿದ್ದು ಸುಪರಿಚಿತ ಸಂಗತಿಗಳು. 1918ರಲ್ಲಿ ಅವರು ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಮರುವರ್ಷ ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರ ಮತಾಧಿಕಾರದ ಪರವಾಗಿ ಸಾಕ್ಷ್ಯ ನುಡಿದರು. ಸರಕಾರದ ಮುಂದೆ ವಾದ ಹೂಡುವುದು ಒಂದು ಕೆಲಸ. ಯಾರ ಪರವಾಗಿ ವಾದ ಹೂಡಲಾಯಿತೋ ಆ ಜನ ತಮ್ಮ ವಾದವನ್ನು ತಾವೇ ಕೇಳಿಸಿಕೊಳ್ಳುವಂತೆ ಮಾಡುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಪತ್ರಿಕೆಯೇ ಬೇಕಾಗಿತ್ತು.

1920ರ ಜನವರಿ 31ರಂದು ಪಾಕ್ಷಿಕ ‘ಮೂಕನಾಯಕ’ ಹೊರಬಂತು. ಅದಕ್ಕೆ ಕೊಲ್ಲಾಪುರದ ಶಾಹು ಮಹಾರಾಜರು ನೀಡಿದ ನೆರವು 2,500 ರೂಪಾಯಿ. ಸರಕಾರಿ ಕಾಲೇಜಿನ ಅಧ್ಯಾಪಕರಾಗಿದ್ದ ಅಂಬೇಡ್ಕರ್ ತಮ್ಮ ಹೆಸರನ್ನು ಸಂಪಾದಕ ಸ್ಥಾನದಲ್ಲಿ ಹಾಕಿಕೊಳ್ಳುವಂತಿರಲಿಲ್ಲ. ಆದ್ದರಿಂದ ಪಾಂಡುರಂಗ ನಂದರಾಮ ಭಟಕರ್ ಸಂಪಾದಕರಾದರು. ಮೊದಲ ಸಂಚಿಕೆಗಳ ಮುಖ್ಯ ಲೇಖನಗಳನ್ನು ಬರೆದವರು ಮಾತ್ರ ಅಂಬೇಡ್ಕರರೇ. ಪತ್ರಿಕೆಯ ಪ್ರಕಟಣೆಯ ಜಾಹೀರಾತನ್ನು ಹಣ ಕೊಡುತ್ತೇವೆಂದರೂ ಪುಣೆಯ ‘ಕೇಸರಿ’ ಅಚ್ಚು ಮಾಡಲಿಲ್ಲ. ಸಾರ್ವಜನಿಕ ಅಭಿಪ್ರಾಯ ಎನ್ನುವಾಗ ಆ ಸಾರ್ವಜನಿಕರು ಯಾರು ಎಂಬ ಪ್ರಶ್ನೆಯನ್ನು ಈ ನಿರಾಕರಣೆ ಬಯಲಿಗೆ ತಂದಿತು. ಮೊದಲ ಸಂಚಿಕೆಯಲ್ಲೇ ಅಂಬೇಡ್ಕರ್ ಇದಕ್ಕೆ ಉತ್ತರವನ್ನು ಕಟ್ಟಿದರು. ಆಗಿನ ಪತ್ರಿಕೆಗಳು ಒಂದೊಂದು ಜಾತಿಯ ಹಿತವನ್ನು ಕಾಯುತ್ತ ಉಳಿದವರನ್ನು ಕಡೆಗಣಿಸಿವೆ ಎಂದೂ, ಹಡಗಿನ ಒಂದು ಭಾಗಕ್ಕೆ ತೂತು ಕೊರೆದವನು ತಾನೂ ಮುಳುಗುತ್ತಾನೆ ಎಂದೂ ಅವರು ವಾದಿಸಿದರು. ಹಿಂದೂ ಸಮಾಜವನ್ನು ಮೆಟ್ಟಿಲುಗಳಿಲ್ಲದ ಬಹುಮಹಡಿ ಗೋಪುರಕ್ಕೆ ಹೋಲಿಸಿದ ಪ್ರಸಿದ್ಧ ರೂಪಕವೂ ಅಲ್ಲಿಯದೇ.

ಶಾಹು ಮಹಾರಾಜರ ನೆರವನ್ನು ಕೇವಲ ರಾಜಾಶ್ರಯವೆಂದು ಓದುವುದು ಸರಿಯಲ್ಲ. 1902ರಲ್ಲಿಯೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ಸ್ಥಾನಗಳನ್ನು ಕಾದಿರಿಸಿದ ಅವರು ಹುಟ್ಟಿದ್ದು ಕಾಗಲದ ಘಾಟಗೆ ಮನೆತನದಲ್ಲಿ. ಕಾಗಲ ನಿಪ್ಪಾಣಿಯ ನೆರೆಯ ಊರು. 1920ರ ಮಾರ್ಚ್ 21 ಮತ್ತು 22ರಂದು ಮಾಣಗಾವಿಯಲ್ಲಿ ನಡೆದ ಪರಿಷತ್ತಿಗೆ ಅಂಬೇಡ್ಕರ್ ಅಧ್ಯಕ್ಷರಾಗಿದ್ದರು. ಅಲ್ಲಿಗೆ ಬಂದ ಮಹಾರಾಜರು ಅಸ್ಪೃಶ್ಯರಿಗೆ ತಮ್ಮವನೇ ಆದ ನಾಯಕ ದೊರೆತನೆಂದು ಸಾರಿದರು. ಪತ್ರಿಕೆ ಹುಟ್ಟಿ ಆಗ ಎರಡು ತಿಂಗಳೂ ತುಂಬಿರಲಿಲ್ಲ. ಅಂದರೆ ಪತ್ರಿಕೆ ಮುಂಬಯಿಯಲ್ಲಿ ಅಚ್ಚಾಗುತ್ತಿದ್ದರೂ ಅದರ ಬೆನ್ನಿಗಿದ್ದ ಬಲ ನಮ್ಮ ಗಡಿಸೀಮೆಯ ಮಗ್ಗುಲಲ್ಲೇ ಕೂಡಿಬಂದಿತ್ತು.

ಅದೇ ವರ್ಷ ಅಂಬೇಡ್ಕರ್ ಓದು ಮುಂದುವರಿಸಲು ಲಂಡನ್ನಿಗೆ ತೆರಳಿದರು. ಜ್ಞಾನದೇವ ಘೋಲಪರ ಕೈಯಲ್ಲಿ ಪತ್ರಿಕೆ ಕುಂಟುತ್ತ ಸಾಗಿತು, 1923ರಲ್ಲಿ ನಿಂತುಹೋಯಿತು. ಒಬ್ಬ ದಾನಿ, ಒಬ್ಬ ಬರಹಗಾರ ಇಬ್ಬರ ಮೇಲೆಯೇ ನಿಂತ ಪತ್ರಿಕೆ ಬರಹಗಾರ ದೂರವಾದಾಗ ಸೊರಗಿತು, 1922ರಲ್ಲಿ ದಾನಿಯೂ ತೀರಿಕೊಂಡಿದ್ದರು. ಮುಂದಿನ ನಾಲ್ಕು ವರ್ಷ ಅಂಬೇಡ್ಕರ್ ಪತ್ರಿಕೆಯನ್ನು ಹೊರಡಿಸದೆ ಓದುಗರನ್ನು ಸಂಘಟಿಸಿದರು ಎಂದೇ ಹೇಳಬೇಕು. 1924ರ ಜುಲೈ 20ರಂದು ಬಹಿಷ್ಕೃತ ಹಿತಕಾರಿಣಿ ಸಭೆ ಸ್ಥಾಪನೆಯಾಯಿತು; 1925ರ ಆರಂಭದಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆಯಿತು. ಆ ವರ್ಷದ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಇಲಾಖೆಯ ಪ್ರಾಂತಿಕ ಬಹಿಷ್ಕೃತ ಪರಿಷತ್ತು ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಜರುಗಿತು. ನಿಪ್ಪಾಣಿಯ ಬಳವಂತರಾವ್ ವರಾಳೆಯವರು ಮುಂದೆ ಅಂಬೇಡ್ಕರರ ಆಪ್ತ ಸಹಕಾರಿಯಾದರು.

1927ರ ಮಾರ್ಚ್ 19 ಮತ್ತು 20ರಂದು ಮಹಾಡದ ಚವದಾರ ಕೆರೆಯ ಘಟನೆ ನಡೆಯಿತು. ನೀರು ಮುಟ್ಟಿದವರ ಮೇಲೆ ಹಲ್ಲೆಯಾಯಿತು. ಹದಿನೈದೇ ದಿನಗಳಲ್ಲಿ, ಏಪ್ರಿಲ್ 3ರಂದು, ‘ಬಹಿಷ್ಕೃತ ಭಾರತ’ ಹೊರಟಿತು. ಈ ಸಲ ಸಂಪಾದಕರ ಹೆಸರು ಅಂಬೇಡ್ಕರರದೇ. ‘ಮೂಕನಾಯಕ’ದ ಮುಖಪುಟಕ್ಕೆ ತುಕಾರಾಮನನ್ನು ಆರಿಸಿದ್ದ ಅವರು ಇದಕ್ಕೆ ಜ್ಞಾನೇಶ್ವರನ ಓವಿಗಳನ್ನು ಆರಿಸಿಕೊಂಡರು. ವಾರಕರಿ ಪರಂಪರೆಯ ಮಾತು ಯಾರ ಸೊತ್ತು ಎಂಬ ವಾಗ್ವಾದವನ್ನು ಹೀಗೆ ಮುಖಪುಟದಲ್ಲೇ ಆರಂಭಿಸಿದ್ದು ಗಮನಾರ್ಹ. (ಪಂಢರಪುರದ ವಿಠ್ಠಲನಿಗೂ ಕನ್ನಡಕ್ಕೂ ಇರುವ ನಂಟನ್ನು ನೆನೆದರೆ ನಮ್ಮ ವಿದ್ವಾಂಸರಿಗೂ ಇದು ಆಸಕ್ತಿಯ ವಿಷಯವಾಗಬೇಕು.)

ಈ ಪಾಕ್ಷಿಕದ ಒಳಗಿನ ಆಡಳಿತ ಅತ್ಯಂತ ಕಠಿಣವಾಗಿತ್ತು. ಸಂಪಾದಕನಿಗೆ ಸಹಾಯಕರಿಲ್ಲ, ಸಂಬಳವಿಲ್ಲ. ಒಂದೊಂದು ಸಂಚಿಕೆಗೆ ಇಪ್ಪತ್ತನಾಲ್ಕು ಅಂಕಣಗಳವರೆಗೆ ತಾವೊಬ್ಬರೇ ತುಂಬಬೇಕಾಯಿತೆಂದು ಅಂಬೇಡ್ಕರ್ 1928ರಲ್ಲಿ ಓದುಗರೆದುರು ಲೆಕ್ಕ ಒಪ್ಪಿಸಿದರು. ಪತ್ರಿಕೆಯ ಋಣ ಲೌಕಿಕ ಋಣವಲ್ಲವೇ ಎಂದು ಕೇಳುವ ಆ ಬರಹ ಭಾರತೀಯ ಪತ್ರಿಕೋದ್ಯಮದ ಆರ್ಥಿಕ ಚರಿತ್ರೆಯಲ್ಲಿ ಅಪರೂಪದ ದಾಖಲೆ. ಅದು ದಾನ ಬೇಡುವ ಧಾಟಿಯದಲ್ಲ. ದುಡಿದ ಸಂಪಾದಕ, ಓದಿದ ಸಮುದಾಯ ಇವರ ನಡುವೆ ಕೊಡುಕೊಳ್ಳುವಿಕೆಯ ಸಂಬಂಧವಿದೆ, ಅದನ್ನು ತೀರಿಸುವುದು ಓದುಗರ ಕರ್ತವ್ಯ ಎಂಬ ನಿಲುವು ಅಲ್ಲಿದೆ. ಆದರೆ ಆ ಓದುಗರಾದರೂ ಯಾರು? ಅಕ್ಷರ ಬಲ್ಲವರು ಕೆಲವೇ ಜನ; ದುಡ್ಡುಳ್ಳವರು ಇನ್ನೂ ಕಡಿಮೆ. ಇಂಥ ಸಮುದಾಯದಲ್ಲಿ ಒಬ್ಬ ಓದಿ ಹಲವರು ಕೇಳಬೇಕಿತ್ತು. ಹೀಗಾಗಿ ಚಂದಾದಾರರ ಪಟ್ಟಿ ಪತ್ರಿಕೆಯ ನಿಜವಾದ ಹರವನ್ನು ಎಂದೂ ತೋರಿಸಲಾರದು. ಕಬ್ಬೂರದಂಥ ಕನ್ನಡದ ಹಳ್ಳಿಗಳ ಮಟ್ಟಿಗೆ ಈ ಮಾತು ಇನ್ನೂ ತೊಡಕಿನದು: ಮರಾಠಿಯ ವಾಕ್ಯ ಅಲ್ಲಿನ ಕೇರಿಯನ್ನು ಮುಟ್ಟಬೇಕಾದರೆ ಎರಡೂ ಭಾಷೆ ಬಲ್ಲ ಒಬ್ಬ ನಡುವೆ ನಿಲ್ಲಬೇಕು. ಆ ಮೌಖಿಕ ಅನುವಾದಕರು ಯಾವ ಗ್ರಂಥಸೂಚಿಯಲ್ಲೂ ಸಿಗುವವರಲ್ಲ.

ಪತ್ರಿಕೆಯ ಪುಟಗಳಲ್ಲಿ ಚರ್ಚೆಯಾದ ವಿಷಯಗಳು ಹಳ್ಳಿಯವೇ ಆಗಿದ್ದವು. ಮಹಾರ ವತನವನ್ನೇ ನೋಡಬಹುದು. ತುಂಡು ಭೂಮಿ, ಒಂದಿಷ್ಟು ಆಯ ಕೊಟ್ಟು ಇಡೀ ಮನೆತನವನ್ನು ಹಗಲಿರುಳು ಸರಕಾರದ ಹಾಗೂ ಊರಿನ ಬಿಟ್ಟಿ ಚಾಕರಿಗೆ ಕಟ್ಟಿಹಾಕುತ್ತಿದ್ದ ವ್ಯವಸ್ಥೆ ಅದು. ಅಂಬೇಡ್ಕರ್ ಮೊದಲು ಪತ್ರಿಕೆಯಲ್ಲಿ ಅದನ್ನು ಬಿಡಿಸಿಟ್ಟರು. 1928ರ ಮಾರ್ಚಿನಲ್ಲಿ, ಮುಂಬಯಿ ಶಾಸನಸಭೆಯ ಸದಸ್ಯರಾಗಿ, 1874ರ ವತನ ಕಾಯ್ದೆಗೆ ತಿದ್ದುಪಡಿ ಮಂಡಿಸಿದರು. ಮಸೂದೆ ಫಲಿಸಲಿಲ್ಲ. ಆದರೆ ಪುಟದಿಂದ ಸಭೆಗೆ, ಸಭೆಯಿಂದ ಮತ್ತೆ ಪುಟಕ್ಕೆ ವಿಷಯವನ್ನು ಒಯ್ಯುವ ಈ ಕ್ರಮ ಅವರ ಪತ್ರಿಕಾವೃತ್ತಿಯ ಜೀವಾಳವಾಗಿತ್ತು.

ಅದೇ ವರ್ಷ ಸ್ಥಾಪಿತವಾದ ದಲಿತ ವರ್ಗ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡಕ್ಕೆ ಬಂತು. ಅದರ ಹೊಣೆ ಹೊತ್ತವರು ವರಾಳೆಯವರು. ಮುಂದಿನ ಓದುಗರನ್ನು ಬೆಳೆಸದೆ ಪತ್ರಿಕೆ ಬಾಳದೆಂಬುದನ್ನು ‘ಮೂಕನಾಯಕ’ದ ಅನುಭವ ಕಲಿಸಿತ್ತು. ಆದರೂ 1929ರ ನವೆಂಬರಿನಲ್ಲಿ ‘ಬಹಿಷ್ಕೃತ ಭಾರತ’ ನಿಂತಿತು. ನಡುವೆ 1928ರ ಜೂನ್ 29ರಂದು ಸಮಾಜ ಸಮತಾ ಸಂಘದ ‘ಸಮತಾ’ ಹೊರಟಿತ್ತು. ಅದರ ಸಂಪಾದಕ ದೇವರಾವ್ ನಾಯಕ್ ಬ್ರಾಹ್ಮಣರು. ವೈರ ವ್ಯವಸ್ಥೆಯೊಂದಿಗೆ, ವ್ಯಕ್ತಿಗಳೊಂದಿಗಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1930ರ ನವೆಂಬರ್ 24ರಂದು ‘ಜನತಾ’ ಆರಂಭವಾದಾಗ ಅಂಬೇಡ್ಕರ್ ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿನಲ್ಲಿದ್ದರು. ಹತ್ತು ವರ್ಷಗಳ ಹಿಂದೆ ಅವರ ಗೈರುಹಾಜರಿ ಪತ್ರಿಕೆಯನ್ನು ಕೊಂದಿತ್ತು. ಈಗ ಅವರಿಲ್ಲದೆಯೇ ಪತ್ರಿಕೆ ಹುಟ್ಟಿತು, ಇಪ್ಪತ್ತೈದು ವರ್ಷ ಬಾಳಿತು. ಈ ಎರಡರ ನಡುವಣ ಅಂತರದಲ್ಲಿ ಒಂದು ಸಮುದಾಯ ಓದುಗ ಸಮುದಾಯವಾದ ಕಥೆಯಿದೆ. ದೇವರಾವ್ ನಾಯಕ್, ಕದ್ರೇಕರ್, ಸಹಸ್ರಬುದ್ಧೆ ಮುಂತಾದವರು ಅದರ ಸಂಪಾದಕತ್ವವನ್ನು ಸಾಗಿಸಿದರು.

ಪತ್ರಿಕೋದ್ಯಮದ ಬಗೆಗಿನ ಅವರ ತಾತ್ತ್ವಿಕ ನಿಲುವು 1943ರ ಜನವರಿಯಲ್ಲಿ ಪುಣೆಯಲ್ಲಿ ರಾನಡೆಯವರನ್ನು ಕುರಿತು ಮಾಡಿದ ಉಪನ್ಯಾಸದಲ್ಲಿದೆ. ಒಮ್ಮೆ ವೃತ್ತಿಯಾಗಿದ್ದುದು ಈಗ ವ್ಯಾಪಾರವಾಗಿದೆ, ನಾಯಕನನ್ನು ಪೂಜಿಸುವುದೇ ಪತ್ರಿಕೆಗಳ ಕಾಯಕವಾಗಿದೆ ಎಂದು ಅವರು ಖಂಡಿಸಿದರು. ಅವರ ಸ್ವಂತ ಪತ್ರಿಕೆಗಳೂ ಒಬ್ಬ ನಾಯಕನ ಸುತ್ತಲೇ ಬೆಳೆದವಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಸಾಲದ ಲೆಕ್ಕವನ್ನು ಓದುಗರ ಮುಂದಿಟ್ಟು ಉತ್ತರ ಕೇಳಿದ ಸಂಪಾದಕನನ್ನು ಪೂಜೆಗೆ ಕುಳಿತ ಮೂರ್ತಿಯೆನ್ನುವುದೂ ಕಷ್ಟ.

1956ರ ಫೆಬ್ರವರಿ 4ರಂದು ‘ಜನತಾ’ ಪತ್ರಿಕೆಯು ‘ಪ್ರಬುದ್ಧ ಭಾರತ’ ಎಂಬ ಹೆಸರು ತಳೆಯಿತು. ಅಕ್ಟೋಬರಿನಲ್ಲಿ ನಾಗಪುರದ ಬೌದ್ಧ ದೀಕ್ಷೆ, ಡಿಸೆಂಬರ್ 6ರಂದು ದೆಹಲಿಯಲ್ಲಿ ಅಂಬೇಡ್ಕರರ ನಿಧನ. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷದ ನವೆಂಬರ್ 1ರಂದು. ಮಹಾರಾಷ್ಟ್ರ ಸರಕಾರ 1990ರಲ್ಲಿ ‘ಬಹಿಷ್ಕೃತ ಭಾರತ’ ಮತ್ತು ‘ಮೂಕನಾಯಕ’ದ ಸಂಚಿಕೆಗಳನ್ನು ಒಂದೇ ಸಂಪುಟವಾಗಿ ಮರುಮುದ್ರಿಸಿದೆ. ನಿಪ್ಪಾಣಿ, ಚಿಕ್ಕೋಡಿ ಸೀಮೆಯ ಸಾಮಾಜಿಕ ಚರಿತ್ರೆಯನ್ನು ಕನ್ನಡದಲ್ಲಿ ಬರೆಯ ಹೊರಟವರು ಮೊದಲು ತೆರೆಯಬೇಕಾದ ಪುಸ್ತಕಗಳಲ್ಲಿ ಆ ಮರಾಠಿ ಸಂಪುಟವೂ ಒಂದು.