ಹರ್ಡೇಕರ ಮಂಜಪ್ಪ

ಹರ್ಡೇಕರ ಮಂಜಪ್ಪ (18 ಫೆಬ್ರವರಿ 1886 – 3 ಜನವರಿ 1947) ಸ್ವಾತಂತ್ರ್ಯ ಹೋರಾಟಗಾರರು, ಪತ್ರಕರ್ತರು, ಲೇಖಕರು ಹಾಗೂ ಸಮಾಜ ಸುಧಾರಕರು. ಗಾಂಧೀಜಿಯವರ ತತ್ತ್ವಗಳನ್ನು ಕನ್ನಡ ನಾಡಿನಲ್ಲಿ ಪ್ರಚಾರ ಮಾಡಿ, ಅವುಗಳಂತೆಯೇ ಬದುಕಿದ ಕಾರಣ ಇವರು 'ಕರ್ನಾಟಕದ ಗಾಂಧಿ' ಎಂದು ಪ್ರಸಿದ್ಧರಾಗಿದ್ದಾರೆ. ವಿಜಯಪುರ ಜಿಲ್ಲೆಯ ಆಲಮಟ್ಟಿ ಇವರ ಮುಖ್ಯ ಕಾರ್ಯಕ್ಷೇತ್ರವಾಗಿತ್ತು.

ಹಿನ್ನೆಲೆ

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡ ಬಳಿಕ ಉತ್ತರ ಕರ್ನಾಟಕದ ಬಹುಭಾಗ ಕ್ರಮೇಣ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತು. ಉಳಿದ ಕನ್ನಡ ಪ್ರದೇಶಗಳು ಮೈಸೂರು, ಹೈದರಾಬಾದ್, ಮದ್ರಾಸು ಮೊದಲಾದ ಆಡಳಿತಗಳಲ್ಲಿ ಹಂಚಿಹೋಗಿದ್ದವು. ಹೀಗೆ ಒಡೆದುಹೋಗಿದ್ದ ನಾಡಿನಲ್ಲಿ ಸ್ವರಾಜ್ಯದ ವಿಚಾರವನ್ನು ಜನರ ಭಾಷೆಯಲ್ಲಿಯೇ ತಿಳಿಸಬೇಕಾಗಿತ್ತು. ಮಂಜಪ್ಪನವರು ಕೈಗೊಂಡ ಕಾರ್ಯ ಇದೇ.

ಜನನ ಮತ್ತು ವೃತ್ತಿ

ಮಂಜಪ್ಪನವರು ಇಂದಿನ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಶಿಕ್ಷಕರಾದರು. 1905ರ ಬಂಗಾಳ ವಿಭಜನೆಯ ನಂತರ ಹಬ್ಬಿದ ಸ್ವದೇಶಿ ಚಳವಳಿ ಹಾಗೂ ಬಾಲಗಂಗಾಧರ ತಿಲಕರ ವಿಚಾರಗಳು ಅವರ ಮೇಲೆ ಗಾಢ ಪ್ರಭಾವ ಬೀರಿದವು. ಸರ್ಕಾರಿ ನೌಕರಿಯನ್ನು ತ್ಯಜಿಸಿ, ಮೈಸೂರು ಸಂಸ್ಥಾನಕ್ಕೆ ಸೇರಿದ್ದ ದಾವಣಗೆರೆಗೆ ಬಂದು, 1906ರಲ್ಲಿ 'ಧನುರ್ಧಾರಿ' ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಆಜೀವ ಬ್ರಹ್ಮಚರ್ಯದ ವ್ರತ ಕೈಗೊಂಡು ಲೋಕಸೇವೆಗೆ ತಮ್ಮನ್ನು ಅರ್ಪಿಸಿಕೊಂಡರು.

ಬಸವ ಜಯಂತಿ

1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಸಹಕಾರದಿಂದ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸುವ ಪದ್ಧತಿಗೆ ಮಂಜಪ್ಪನವರು ನಾಂದಿ ಹಾಡಿದರು. ಮಹಾರಾಷ್ಟ್ರದಲ್ಲಿ ತಿಲಕರು ಗಣೇಶೋತ್ಸವದ ಮೂಲಕ ಜನರನ್ನು ಸಂಘಟಿಸಿದ್ದ ಮಾದರಿ ಅವರ ಮುಂದಿತ್ತು. ಶರಣರ ಕಾಯಕ, ದಾಸೋಹ ಹಾಗೂ ಸಮಾನತೆಯ ತತ್ತ್ವಗಳಿಗೂ ಗಾಂಧೀಜಿಯವರ ಸ್ವಾವಲಂಬನೆ ಮತ್ತು ಅಸ್ಪೃಶ್ಯತಾ ನಿವಾರಣೆಯ ಕಾರ್ಯಕ್ರಮಗಳಿಗೂ ಇರುವ ಸಾಮ್ಯವನ್ನು ಅವರು ಭಾಷಣ, ಬರಹಗಳಲ್ಲಿ ಪ್ರತಿಪಾದಿಸಿದರು. ಹೊಸ ರಾಜಕೀಯ ವಿಚಾರವು ಪರಿಚಿತ ಧಾರ್ಮಿಕ ನುಡಿಯಲ್ಲಿ ಗ್ರಾಮೀಣ ಜನರನ್ನು ತಲುಪಲು ಇದರಿಂದ ಸಾಧ್ಯವಾಯಿತು.

ಆಲಮಟ್ಟಿಯ ಆಶ್ರಮ

1920ರ ದಶಕದಲ್ಲಿ ಮಂಜಪ್ಪನವರು ಮೊದಲು ಹರಿಹರದ ಬಳಿ ತುಂಗಭದ್ರೆಯ ತೀರದಲ್ಲಿ ಆಶ್ರಮ ನಡೆಸಿದರು. 1927ರಲ್ಲಿ ಕೃಷ್ಣಾ ನದಿಯ ದಡದ ಆಲಮಟ್ಟಿಗೆ ಬಂದು ನೆಲೆಸಿದರು. ಮುದ್ದೇಬಿಹಾಳ ಸೀಮೆಗೆ ಸಮೀಪದಲ್ಲಿದ್ದ ಈ ಗ್ರಾಮ ಆಗ ಬಾಗೇವಾಡಿ ತಾಲ್ಲೂಕಿಗೆ ಸೇರಿತ್ತು. ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳವೂ ಹೌದು. ಇಲ್ಲಿ ಸ್ಥಾಪಿಸಿದ ವಿದ್ಯಾಲಯದಲ್ಲಿ ಪಾಠದೊಂದಿಗೆ ನೂಲುವಿಕೆ, ಶ್ರಮ ಮತ್ತು ಸರಳ ಜೀವನಕ್ಕೆ ಪ್ರಾಶಸ್ತ್ಯವಿತ್ತು. ಆಳುವವರು ಬದಲಾದ ಮಾತ್ರಕ್ಕೆ ಸ್ವರಾಜ್ಯ ಪೂರ್ಣವಾಗುವುದಿಲ್ಲ, ತನ್ನ ಅನ್ನ ಮತ್ತು ಬಟ್ಟೆಯನ್ನು ತಾನೇ ದುಡಿದು ಪಡೆಯುವ ವ್ಯಕ್ತಿಯಿಂದ ಅದು ಆರಂಭವಾಗಬೇಕು ಎಂಬುದು ಈ ಶಿಕ್ಷಣದ ಆಶಯವಾಗಿತ್ತು.

ಪತ್ರಿಕೆಗಳು ಮತ್ತು ಕೃತಿಗಳು

'ಧನುರ್ಧಾರಿ'ಯಲ್ಲದೆ 'ಖಾದಿ ವಿಜಯ', 'ಉದ್ಯೋಗ' ಮತ್ತು 'ಶರಣ ಸಂದೇಶ' ಪತ್ರಿಕೆಗಳನ್ನು ಇವರು ನಡೆಸಿದರು. ಧರ್ಮ, ನೀತಿ, ಶಿಕ್ಷಣ, ಆರೋಗ್ಯ, ಸತ್ಯಾಗ್ರಹ ಹಾಗೂ ಮಹಾಪುರುಷರ ಜೀವನವನ್ನು ಕುರಿತು ಸುಲಭ ಶೈಲಿಯ ಅನೇಕ ಪುಸ್ತಕಗಳನ್ನು ರಚಿಸಿದರು. 'ನನ್ನ ಕಳೆದ 30 ವರ್ಷಗಳ ಕಾಣಿಕೆ' ಇವರ ಆತ್ಮಕಥನ.

ನಿಧನ ಮತ್ತು ಸ್ಮರಣೆ

ಮಂಜಪ್ಪನವರು 1947ರ ಜನವರಿ 3ರಂದು ನಿಧನರಾದರು. ನಾಲ್ಕು ದಶಕಗಳ ಕಾಲ ಯಾವುದಕ್ಕಾಗಿ ದುಡಿದರೋ ಆ ಸ್ವಾತಂತ್ರ್ಯ ಅದೇ ವರ್ಷ ಆಗಸ್ಟ್ 15ರಂದು ಲಭಿಸಿತು. ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದಾದವು. ಇವೆರಡನ್ನೂ ಕಾಣಲು ಅವರು ಉಳಿಯಲಿಲ್ಲ. ಅವರ ಸ್ಮಾರಕ ಆಲಮಟ್ಟಿಯಲ್ಲಿದೆ. ಅವರು ಆರಂಭಿಸಿದ ಸಾರ್ವಜನಿಕ ಬಸವ ಜಯಂತಿ ಇಂದು ಕರ್ನಾಟಕದಾದ್ಯಂತ ಆಚರಣೆಯಲ್ಲಿದೆ.