ಶಾಂತಿವ್ರತೆ ಬೆರ್ತಾ ಸುಟ್ನರ್

ಸೈನ್ಯವು ರಾಜ್ಯದ ಸಪ್ತಾಂಗಗಳಲ್ಲೊಂದೆಂದು ನಮ್ಮ ನೀತಿಶಾಸ್ತ್ರಕಾರರು ಗಣಿಸಿರುವರಷ್ಟೆ. ಆ ಅಂಗವನ್ನು ಎಲ್ಲ ರಾಜ್ಯಗಳೂ ತೊರೆಯಬಹುದಲ್ಲವೇ ಎಂಬ ಪ್ರಶ್ನೆಯನ್ನು ಯೂರೋಪಿನ ಅರಸರ ಮುಂದಿಟ್ಟು, ಆಯುಷ್ಯದ ಕಡೆಯ 25 ವರ್ಷಗಳನ್ನು ಅದಕ್ಕಾಗಿಯೇ ಸವೆಸಿದ ಬೆರ್ತಾ ಸುಟ್ನರಳು ಸೇನಾಪತಿಯೊಬ್ಬನ ಮಗಳೆಂಬುದು ವಿಚಿತ್ರವಾದರೂ ನಿಜ.

ಆಗ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಪ್ರಾಗ್ ನಗರದಲ್ಲಿ 1843ನೆಯ ಇಸವಿ ಜೂನ್ 9ರಂದು ಈಕೆಯ ಜನನವಾಯಿತು. ಕಿನ್‌ಸ್ಕಿ ವಂಶದ ವೃದ್ಧ ಸೇನಾನಿಯಾದ ತಂದೆಯು ಮಗಳ ಮುಖವನ್ನು ಕಾಣುವ ಮೊದಲೇ ತೀರಿಹೋಗಿದ್ದನು. ತಾಯಿಯ ಜೂಜಿನ ವ್ಯಸನದಿಂದ ಮನೆಯ ಹಣವು ಕರಗಿತು. ಆದುದರಿಂದ 1873ರಲ್ಲಿ ಬೆರ್ತಾ ವಿಯೆನ್ನಾದ ಸುಟ್ನರ್ ಮನೆತನದಲ್ಲಿ ಉಪಾಧ್ಯಾಯಿನಿಯಾಗಿ ನಿಂತಳು. ಆ ಮನೆಯ ಮಗ ಆರ್ತೂರನು ಈಕೆಗಿಂತ ಕಿರಿಯನು. ಇಬ್ಬರಲ್ಲಿ ಅನುರಾಗವುಂಟಾಗಲು ಹಿರಿಯರು ಒಪ್ಪಲಿಲ್ಲ. 1876ರಲ್ಲಿ ಪ್ಯಾರಿಸ್ಸಿಗೆ ಹೋಗಿ, ಡೈನಮೈಟ್ ಎಂಬ ಸಿಡಿಮದ್ದನ್ನು ಕಂಡುಹಿಡಿದ ಆಲ್ಫ್ರೆಡ್ ನೊಬೆಲನ ಬಳಿ ಕೆಲವೇ ದಿನ ಕಾರ್ಯದರ್ಶಿನಿಯಾಗಿದ್ದು, ಹಿಂದಿರುಗಿ ಆರ್ತೂರನನ್ನು ಗುಟ್ಟಾಗಿ ಮದುವೆಯಾದಳು. ದಂಪತಿಗಳು ಕಾಕಸಸ್ ಪ್ರಾಂತಕ್ಕೆ ತೆರಳಿ ಪಾಠ ಹೇಳಿಯೂ ಲೇಖನ ಬರೆದೂ 9 ವರ್ಷ ಬಡತನದಲ್ಲಿ ಬಾಳಿದರು. ನೊಬೆಲನ ಸ್ನೇಹವು ಮಾತ್ರ ಕಾಗದಗಳ ಮೂಲಕ ಉಳಿದುಬಂದಿತು.

1889ರಲ್ಲಿ ಈಕೆಯ ‘ಆಯುಧಗಳನ್ನು ಕೆಳಗಿಡಿ’ ಎಂಬರ್ಥದ ಹೆಸರಿನ ಜರ್ಮನ್ ಕಾದಂಬರಿ ಪ್ರಕಟವಾಯಿತು. ಅದರ ಕಥಾನಾಯಿಕೆಯು ಮೊದಲನೆಯ ಗಂಡನನ್ನು 1859ರ ಯುದ್ಧದಲ್ಲಿಯೂ, ಎರಡನೆಯವನನ್ನು 1871ರ ಪ್ಯಾರಿಸ್ಸಿನಲ್ಲಿಯೂ ಕಳೆದುಕೊಳ್ಳುವಳು. ವೀರಮರಣವೆಂದು ಹಾಡುವುದರ ಹಿಂದೆ ಗಾಯಾಳುಗಳ ನರಳಾಟವೂ ಬಾಂತಿಯೂ ಭೇದಿಯೂ ಇರುವುದನ್ನು ಮುಚ್ಚಿಡದೆ ಬರೆದುದರಿಂದ ಪ್ರಕಾಶಕರು ಮೊದಲು ಹಿಂಜರಿದಿದ್ದರು. ಪುಸ್ತಕವಾದರೋ ಅನೇಕ ಭಾಷೆಗಳಿಗೆ ಹೋಯಿತು.

ಇಲ್ಲಿಂದ ವಾದವು ಬೆಳೆಯಿತು. 1892ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಭೇಟಿಯಾದಾಗ ನೊಬೆಲನ ಅಭಿಪ್ರಾಯವು ಬೇರೆಯಾಗಿತ್ತು: ಎರಡು ಸೇನೆಗಳು ಕ್ಷಣಮಾತ್ರದಲ್ಲಿ ಪರಸ್ಪರ ನಾಶಮಾಡಬಲ್ಲ ದಿನ ಬಂದರೆ ರಾಜ್ಯಗಳು ಭಯದಿಂದಲೇ ಸೈನ್ಯಗಳನ್ನು ವಿಸರ್ಜಿಸುವುವು; ಸಭೆಗಳಿಗಿಂತ ತನ್ನ ಕಾರ್ಖಾನೆಗಳೇ ಬೇಗ ಫಲ ಕೊಡುವುವು ಎಂದು ಅವನೆಣಿಕೆ. ಅಂಥ ಅಸ್ತ್ರವು 1945ರಲ್ಲಿ ಬಂದಿತು, ಸೈನ್ಯಗಳು ವಿಸರ್ಜನೆಯಾಗಲಿಲ್ಲ. ರಷ್ಯದ ಟಾಲ್‌ಸ್ಟಾಯ್ ಮಹಾಶಯನು ಕಾದಂಬರಿಯನ್ನು ಮೆಚ್ಚಿದರೂ ಶಾಂತಿಸಭೆಗಳನ್ನು ನೆಚ್ಚಲಿಲ್ಲ. ಒಬ್ಬೊಬ್ಬನೂ ಆಯುಧ ಹಿಡಿಯೆನೆಂದು ನಿಂತರೆ ಅರಸನಿಗೆ ಸೈನ್ಯವೆಲ್ಲಿಯದು ಎಂಬುದು ಅವನ ಮತ.

ಬೆರ್ತಾ ಈ ಎರಡು ದಾರಿಗಳನ್ನೂ ಹಿಡಿಯಲಿಲ್ಲ. ಮೊದಲು ಆಯುಧವಿಟ್ಟ ರಾಜ್ಯವು ಕೆಡುವುದೆಂದು ಸೇನಾಪಕ್ಷದವರು ಹೆದರಿಸುತ್ತಿದ್ದುದನ್ನು ಬಲ್ಲವಳಾಗಿ, ರಾಜ್ಯಗಳ ನಡುವೆ ನ್ಯಾಯಪಂಚಾಯಿತಿಯು ಮೊದಲು ಏರ್ಪಡಲಿ, ಬಳಿಕ ಎಲ್ಲರೂ ಕೂಡಿ ಸೈನ್ಯಗಳನ್ನು ತಗ್ಗಿಸಲಿ ಎಂದಳು. ಊರಲ್ಲಿ ನ್ಯಾಯ ಹೇಳುವವರಿದ್ದರೆ ಹೊಲದ ಬದುವಿಗಾಗಿ ದೊಣ್ಣೆ ಹಿಡಿಯಬೇಕಾದುದಿಲ್ಲವಷ್ಟೆ. ಪತ್ರಿಕೆಗಳು ಹಾಸ್ಯಮಾಡಿದರೂ 1891ರಲ್ಲಿ ಆಸ್ಟ್ರಿಯದ ಶಾಂತಿಸಂಘವನ್ನು ಸ್ಥಾಪಿಸಿದಳು. 1899ರಲ್ಲಿ ರಷ್ಯದ ಚಕ್ರವರ್ತಿಯ ಆಹ್ವಾನದಂತೆ 26 ರಾಜ್ಯಗಳ ಪ್ರತಿನಿಧಿಗಳು ಹೇಗ್ ನಗರದಲ್ಲಿ ನೆರೆದಾಗ ತಾನೂ ಅಲ್ಲಿಗೆ ಹೋದಳು. ನ್ಯಾಯಸಭೆಯೇನೋ ಏರ್ಪಟ್ಟಿತು, ಸೈನ್ಯವನ್ನು ತಗ್ಗಿಸುವ ಮಾತಿಗೆ ಒಪ್ಪಿಗೆ ದೊರೆಯಲಿಲ್ಲ. ಆ ಸಭೆಯ ಮೊರೆಹೋಗುವುದೂ ಅರಸರ ಇಚ್ಛೆಗೇ ಬಿಟ್ಟುದಾಗಿತ್ತು. ಬಲಿಷ್ಠನು ಬಾರದಿದ್ದರೆ ಕರೆತರುವವರಾರು ಎಂಬ ತೊಡಕು ಹಾಗೆಯೇ ಉಳಿಯಿತೆಂದು ಒಪ್ಪಲೇಬೇಕು.

ಇತ್ತ ನೊಬೆಲನು 1895ರ ತನ್ನ ಮರಣಶಾಸನದಲ್ಲಿ, ಖಾಯಂ ಸೈನ್ಯಗಳ ನಿರ್ಮೂಲನಕ್ಕಾಗಲಿ ಕಡಿತಕ್ಕಾಗಲಿ ದುಡಿದವರಿಗೂ ಬಹುಮಾನವನ್ನು ಗೊತ್ತುಪಡಿಸಿದ್ದನು. ಈಕೆಯ ಕಾಗದಗಳ ಪ್ರಭಾವವು ಅದರಲ್ಲಿರಲಿಲ್ಲವೆನ್ನುವುದು ಕಷ್ಟ. 1902ರಲ್ಲಿ ಪತಿವಿಯೋಗವಾಯಿತು. 1905ರಲ್ಲಿ ಆ ಶಾಂತಿ ಬಹುಮಾನವು ಈಕೆಗೇ ಸಂದಿತು. ಅದನ್ನು ಪಡೆದ ಸ್ತ್ರೀಯರಲ್ಲಿ ಈಕೆಯೇ ಮೊದಲನೆಯವಳು.

1914ರಲ್ಲಿ ಶಾಂತಿಮಹಾಸಭೆಯು ವಿಯೆನ್ನಾದಲ್ಲಿಯೇ ಕೂಡಬೇಕೆಂದು ಸಿದ್ಧತೆಗಳು ನಡೆದಿದ್ದುವು. ಜೂನ್ 21ರಂದು ಬೆರ್ತಾ ದೇಹವನ್ನು ಬಿಟ್ಟಳು. ಅದಾದ ಏಳನೆಯ ದಿನ ಸಾರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆಯಾಯಿತು. ಜುಲೈ 28ರಂದು ಆಸ್ಟ್ರಿಯವು ಸರ್ಬಿಯದ ಮೇಲೆ ಯುದ್ಧವನ್ನು ಸಾರಿತು. ಮಹಾಸಭೆಯು ಕೂಡಲಿಲ್ಲ.