ಕಡಲಿನ ಪರವಾಗಿ ನುಡಿದ ಲೇಖಕಿ : ರೇಚಲ್ ಕಾರ್ಸನ್

ಕಡಲನ್ನು ಕುರಿತು ಬರೆದವರು ಎಲ್ಲ ಭಾಷೆಗಳಲ್ಲಿಯೂ ಉಂಟು. ನಮ್ಮ ಹಳೆಯ ಕವಿಗಳಿಗಂತೂ ಸಮುದ್ರವರ್ಣನೆಯು ಅಷ್ಟಾದಶ ವರ್ಣನೆಗಳಲ್ಲಿ ಒಂದಾಗಿ, ಬಿಡಲಾಗದ ಕರ್ತವ್ಯವೇ ಆಗಿದ್ದಿತು. ಆದರೆ ಕಡಲಿಗೂ ಆಪತ್ತು ಬಂದೀತು, ಮನುಷ್ಯನಿಂದಲೇ ರತ್ನಾಕರನಿಗೆ ರಕ್ಷಣೆ ಬೇಕಾದೀತು ಎಂಬ ಶಂಕೆ ಅವರಿಗೆ ಬಂದಿರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಆ ಶಂಕೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಲಕ್ಷಾಂತರ ಓದುಗರ ಮನಸ್ಸಿಗೆ ಮುಟ್ಟಿಸಿದವಳು ಅಮೆರಿಕದ ಲೇಖಕಿ ರೇಚಲ್ ಕಾರ್ಸನ್. ಕಡಲಿನ ಸೌಂದರ್ಯವನ್ನು ಬರೆಯುತ್ತ ನೆಮ್ಮದಿಯಾಗಿ ಬಾಳಬಹುದಾಗಿದ್ದ ಆಕೆ, ಬದುಕಿನ ಕೊನೆಯ ವರ್ಷಗಳನ್ನು ವಿಷದ ವಿಚಾರಕ್ಕೆ ಏಕೆ ಮೀಸಲಿಟ್ಟಳು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಅರಿತುಕೊಳ್ಳಬೇಕು.

ಕಾರ್ಸನ್ ಹುಟ್ಟಿದ್ದು 1907ನೆಯ ಇಸವಿ ಮೇ 27ರಂದು, ಪೆನ್ಸಿಲ್ವೇನಿಯ ಸಂಸ್ಥಾನದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ಕಡಲು ಅಲ್ಲಿಗೆ ನೂರಾರು ಮೈಲಿ ದೂರ. ತಂದೆಯ ಸಂಪಾದನೆ ಅಲ್ಪ. ತಾಯಿ ಮರಿಯಾ ಮದುವೆಗೆ ಮುಂಚೆ ಉಪಾಧ್ಯಾಯಿನಿಯಾಗಿದ್ದವಳು. ಮಗಳ ಕೈಹಿಡಿದು ಹೊಲ, ತೋಪುಗಳಲ್ಲಿ ತಿರುಗಾಡಿಸಿ ಹಕ್ಕಿ, ಹುಳು, ಹೂಗಳ ಪರಿಚಯ ಮಾಡಿಸಿದಳು. ಹುಡುಗಿಗೆ ಬರೆಯುವ ಹುಚ್ಚು ಬಹಳ. ಹನ್ನೊಂದರ ಪ್ರಾಯದಲ್ಲಿಯೇ ಆಕೆಯ ಕತೆಯೊಂದು ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದೆ ಲೇಖಕಿಯಾಗಬೇಕೆಂದೇ ಮಹಿಳಾ ಕಾಲೇಜನ್ನು ಸೇರಿ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡಳು. ಅಲ್ಲಿ ಜೀವವಿಜ್ಞಾನವನ್ನು ಬೋಧಿಸುತ್ತಿದ್ದ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಅಧ್ಯಾಪಿಕೆಯ ಪ್ರಭಾವಕ್ಕೆ ಒಳಗಾಗಿ, 1928ರಲ್ಲಿ ಸಾಹಿತ್ಯವನ್ನು ಬಿಟ್ಟು ವಿಜ್ಞಾನದ ಕಡೆಗೆ ತಿರುಗಿದಳು. ಬರವಣಿಗೆಗೆ ಇನ್ನು ತಿಲಾಂಜಲಿಯಿತ್ತಂತೆಯೇ ಎಂದು ಆಕೆ ಆಗ ಭಾವಿಸಿದ್ದಳು. ಬರೆಯುವುದಕ್ಕೆ ಬೇಕಾದ ವಸ್ತುವು ಅಲ್ಲಿಯೇ ತನಗಾಗಿ ಕಾದಿದೆಯೆಂಬುದು ತಿಳಿದದ್ದು ಅನಂತರ.

1929ರ ಬೇಸಗೆಯಲ್ಲಿ, ಪದವೀಧರೆಯಾದ ಮೇಲೆ, ಮ್ಯಾಸಚುಸೆಟ್ಸ್ ತೀರದ ವುಡ್ಸ್ ಹೋಲ್ ಸಾಗರಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಕಾಶ ಒದಗಿತು. ಕಾರ್ಸನ್ ತನ್ನ ಕಣ್ಣಾರೆ ಕಡಲನ್ನು ಕಂಡದ್ದು ಆಗಲೇ. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಪದವಿ ದೊರೆಯಿತು. ಡಾಕ್ಟರೇಟ್ ವ್ಯಾಸಂಗವನ್ನು ಮಾತ್ರ ಮುಂದುವರಿಸಲಾಗಲಿಲ್ಲ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಸಂಸಾರದ ಭಾರ ಆಕೆಯ ಮೇಲೆ ಬಿದ್ದಿದ್ದಿತು. 1935ರಲ್ಲಿ ತಂದೆ ತೀರಿಕೊಂಡನು. ಎರಡು ವರ್ಷಗಳಲ್ಲಿ ಅಕ್ಕನೂ ಹೋದಳು. ಅವಳ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಹೊಣೆ ಕಾರ್ಸನ್‌ಗೂ ಆಕೆಯ ತಾಯಿಗೂ ಬಂದಿತು.

ಹೊಟ್ಟೆಪಾಡಿಗಾಗಿ ಆಕೆ ಹಿಡಿದ ಕೆಲಸವೇ ಆಕೆಯ ದಾರಿಯನ್ನು ತೋರಿಸಿದುದು ಒಂದು ಸೋಜಿಗ. ಸರ್ಕಾರದ ಮೀನುಗಾರಿಕೆ ಇಲಾಖೆಯವರು ಕಡಲ ಜೀವಿಗಳನ್ನು ಕುರಿತು ರೇಡಿಯೋ ಭಾಷಣಗಳನ್ನು ಬರೆಯುವವರಿಗಾಗಿ ಹುಡುಕುತ್ತಿದ್ದರು. ಶಾಸ್ತ್ರ ಬಲ್ಲವರಿಗೆ ಬರೆಯಲು ಬಾರದು, ಬರೆಯಬಲ್ಲವರಿಗೆ ಶಾಸ್ತ್ರ ತಿಳಿಯದು. ಕಾರ್ಸನ್‌ಗೆ ಎರಡೂ ಬರುತ್ತಿದ್ದಿತು. 1936ರಲ್ಲಿ ಆಕೆಗೆ ಇಲಾಖೆಯಲ್ಲಿ ಜಲಜೀವಿಶಾಸ್ತ್ರಜ್ಞೆಯ ಹುದ್ದೆ ದೊರೆಯಿತು. ಸರ್ಕಾರಿ ಕಿರುಹೊತ್ತಗೆಗೆಂದು ಆಕೆ ಬರೆದುಕೊಟ್ಟ ಪೀಠಿಕೆಯೊಂದನ್ನು ಓದಿದ ಮೇಲಧಿಕಾರಿ ಎಲ್ಮರ್ ಹಿಗಿನ್ಸ್, ಇದು ಇಲಾಖೆಗೆ ತಕ್ಕದ್ದಲ್ಲ, ಸಾಹಿತ್ಯ ಪತ್ರಿಕೆಗೆ ಕಳುಹಿಸು ಎಂದು ಹಿಂದಿರುಗಿಸಿದನು. 1937ರ ಸೆಪ್ಟೆಂಬರಿನಲ್ಲಿ ಅದು ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಪ್ರಕಟವಾಯಿತು.

ಅದರ ಬೆಳೆವಣಿಗೆಯೇ ‘ಅಂಡರ್ ದಿ ಸೀ ವಿಂಡ್’ ಎಂಬ ಮೊದಲ ಗ್ರಂಥ. ತೀರದ ಹಕ್ಕಿ, ಮ್ಯಾಕೆರೆಲ್ ಮೀನು, ಹಾವುಮೀನು ಇವುಗಳ ಬಾಳನ್ನು ಅದರಲ್ಲಿ ಕತೆಯಂತೆ ಹೇಳಿದ್ದಾಳೆ. ಮನುಷ್ಯನಿಗೆ ಅಲ್ಲಿ ಮುಖ್ಯ ಪಾತ್ರವಿಲ್ಲ. 1941ರ ನವೆಂಬರಿನಲ್ಲಿ ಪುಸ್ತಕ ಹೊರಬಂದಿತು. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿಯಿತು. ಕಡಲ ಹಕ್ಕಿಯ ಕತೆಯನ್ನು ಕೇಳುವವರು ಯಾರು? ಹಗಲು ಕಛೇರಿ, ರಾತ್ರಿ ಬರವಣಿಗೆ ಎಂದು ಆಕೆ ಮತ್ತೆ ಹತ್ತು ವರ್ಷ ದುಡಿದಳು. 1951ರ ಜುಲೈಯಲ್ಲಿ ‘ದಿ ಸೀ ಅರೌಂಡ್ ಅಸ್’ ಪ್ರಕಟವಾದಾಗ ಭಾಗ್ಯದ ಬಾಗಿಲು ತೆರೆಯಿತು. ಸಮುದ್ರದ ಹುಟ್ಟು, ಅಲೆ, ಉಬ್ಬರವಿಳಿತ, ಆಳದ ಕತ್ತಲೆ, ದ್ವೀಪಗಳ ಜನನ ಇವೆಲ್ಲವನ್ನೂ ಸಾಮಾನ್ಯ ಓದುಗನ ಮುಂದಿರಿಸಿದ ಆ ಕೃತಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಹೆಚ್ಚು ಮಾರಾಟದ ಪುಸ್ತಕಗಳ ಪಟ್ಟಿಯಲ್ಲಿ 86 ವಾರ ನಿಂತಿತು. 1952ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಕಾರ್ಸನ್ ನೌಕರಿಯನ್ನು ಬಿಟ್ಟು, ಮೇನ್ ಸಂಸ್ಥಾನದ ಕಡಲ ತಡಿಯಲ್ಲಿ ಚಿಕ್ಕದೊಂದು ಮನೆ ಕಟ್ಟಿಸಿಕೊಂಡಳು. 1955ರಲ್ಲಿ ‘ದಿ ಎಡ್ಜ್ ಆಫ್ ದಿ ಸೀ’ ಹೊರಬಂದಿತು.

ಇಲ್ಲಿಗೇ ಕತೆ ನಿಂತಿದ್ದರೆ ನಾವು ಆಕೆಯನ್ನು ಒಳ್ಳೆಯ ಗದ್ಯಲೇಖಕಿಯೆಂದು ನೆನೆದು ಸುಮ್ಮನಾಗುತ್ತಿದ್ದೆವು. ಆದರೆ 1958ರ ಜನವರಿಯಲ್ಲಿ ಮ್ಯಾಸಚುಸೆಟ್ಸಿನ ಗೆಳತಿಯೊಬ್ಬಳ ಪತ್ರ ಬಂದಿತು. ಸೊಳ್ಳೆಗಳನ್ನು ಕೊಲ್ಲಲೆಂದು ವಿಮಾನದಿಂದ ಸಿಂಪಡಿಸಿದ ಡಿ.ಡಿ.ಟಿ.ಯಿಂದ ಆಕೆಯ ಅಂಗಳದಲ್ಲಿ ಹಾಡುಹಕ್ಕಿಗಳು ಸತ್ತು ಬಿದ್ದಿದ್ದವು. ಈ ಮದ್ದಿನ ಬಗೆಗೆ ಕಾರ್ಸನ್‌ಗೆ 1945ರಿಂದಲೇ ಸಂಶಯವಿದ್ದಿತು. ಬೇರೆಯವರಿಂದ ಬರೆಯಿಸಲು ನೋಡಿದಳು, ಆಗಲಿಲ್ಲ. ಕೊನೆಗೆ ತಾನೇ ಕುಳಿತಳು.

ಈ ಕೆಲಸ ಕಡಲಿನಿಂದ ದೂರ ಸರಿದಂತೆ ಮೇಲುನೋಟಕ್ಕೆ ಕಾಣುತ್ತದೆ. ವಸ್ತುತಃ ಹಾಗಲ್ಲ. ಹೊಲಕ್ಕೂ ಕಾಡಿಗೂ ಸುರಿದ ವಿಷ ಹಳ್ಳಕ್ಕೆ ಇಳಿಯುತ್ತದೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಅಳಿವೆಗೆ. ಅಳಿವೆಯೂ ಉಪ್ಪುನೀರಿನ ಜವುಗೂ ಅನೇಕ ಕಡಲಮೀನುಗಳ ತೊಟ್ಟಿಲು. 1954ರಲ್ಲಿ ಕೆನಡದ ಮಿರಮಿಚಿ ನದೀಪ್ರದೇಶದ ಕಾಡುಗಳಿಗೆ ಡಿ.ಡಿ.ಟಿ. ಸಿಂಪಡಿಸಿದಾಗ ಸಾಲ್ಮನ್ ಮೀನಿನ ಮರಿಗಳು ನಾಶವಾದವು. 1955ರಲ್ಲಿ ಫ್ಲಾರಿಡದ ತೀರದಲ್ಲಿ 2,000 ಎಕರೆ ಜವುಗಿಗೆ ಡೀಲ್ಡ್ರಿನ್ ಎಂಬ ವಿಷವನ್ನು ಹಾಕಿದಾಗ ಸುಮಾರು 11,75,000 ಮೀನುಗಳು ಸತ್ತುವೆಂದು ಪರೀಕ್ಷಿಸಿದವರು ಲೆಕ್ಕ ಹಾಕಿದರು. ಇಂಥ ಸಂಗತಿಗಳನ್ನೆಲ್ಲ ಆಕೆ ಒಂದೊಂದಾಗಿ ಕೂಡಿಹಾಕಿದಳು. ಕಡಲನ್ನು ಕಡೆದಾಗ ಹಾಲಾಹಲ ಹುಟ್ಟಿತೆಂದು ನಮ್ಮ ಪುರಾಣ ಹೇಳುತ್ತದೆ. ಈ ಕಾಲದಲ್ಲಿ ಅದು ನೆಲದ ಮೇಲೆ ಹುಟ್ಟಿ ಕಡಲಿಗೆ ಹರಿಯುತ್ತಿದ್ದಿತು, ಕುಡಿದು ಕಂಠದಲ್ಲಿ ತಡೆಯಲು ನೀಲಕಂಠನು ಇರಲಿಲ್ಲ. 1961ರಲ್ಲಿ ‘ದಿ ಸೀ ಅರೌಂಡ್ ಅಸ್’ ಮರುಮುದ್ರಣಗೊಂಡಾಗ ಹೊಸ ಮುನ್ನುಡಿ ಬರೆದು, ಪರಮಾಣು ಕಸವನ್ನು ಸಮುದ್ರದಲ್ಲಿ ಮುಳುಗಿಸುವ ಪದ್ಧತಿಯನ್ನೂ ಆಕೆ ಖಂಡಿಸಿದಳು.

ಆ ನಾಲ್ಕು ವರ್ಷಗಳು ಕಷ್ಟದ ವರ್ಷಗಳು. ಅಕ್ಕನ ಮಗಳೊಬ್ಬಳು 1957ರಲ್ಲಿಯೇ ತೀರಿಕೊಂಡು, ಅವಳ ಐದು ವರ್ಷದ ಮಗುವನ್ನು ಕಾರ್ಸನ್ ದತ್ತು ತೆಗೆದುಕೊಂಡಿದ್ದಳು. 1958ರ ಡಿಸೆಂಬರಿನಲ್ಲಿ ತಾಯಿ ಕಣ್ಣುಮುಚ್ಚಿದಳು. 1960ರಲ್ಲಿ ತನಗೇ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ಈ ಸಂಗತಿಯನ್ನು ಆಪ್ತರಲ್ಲದವರಿಗೆ ಹೇಳಲಿಲ್ಲ. ತನ್ನ ರೋಗದ ಕಹಿಯಿಂದ ಬರೆದಳೆಂದು ಎದುರಾಳಿಗಳು ಆಡಿಕೊಂಡಾರೆಂಬ ಎಚ್ಚರ ಆಕೆಗಿದ್ದಿತು.

1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬೇಸಗೆಯಲ್ಲಿ ಪತ್ರಿಕೆಯಲ್ಲಿಯೂ ಸೆಪ್ಟೆಂಬರಿನಲ್ಲಿ ಪುಸ್ತಕವಾಗಿಯೂ ಬಂದಿತು. ರಾಸಾಯನಿಕ ಉದ್ಯಮದವರು ಕೋಪಗೊಂಡರು. ಡಾಕ್ಟರೇಟ್ ಇಲ್ಲದವಳು, ಭಾವುಕ ಹೆಂಗಸು, ಕಮ್ಯೂನಿಸ್ಟಳು ಎಂದೆಲ್ಲ ನಿಂದೆಗಳು ಕೇಳಿಬಂದವು. ಆದರೆ ಆಕೆ ಕೀಟನಾಶಕಗಳನ್ನು ಸಂಪೂರ್ಣವಾಗಿ ಬಿಡಬೇಕೆಂದು ಎಲ್ಲಿಯೂ ಹೇಳಿರಲಿಲ್ಲ. ವಿವೇಚನೆಯಿಲ್ಲದೆ ಸುರಿಯಬಾರದು, ಜನರಿಗೆ ತಿಳಿಸದೆ ಸುರಿಯಬಾರದು, ತಮ್ಮ ನೆಲ ನೀರುಗಳಿಗೆ ಏನು ಬೀಳುತ್ತಿದೆಯೆಂಬುದನ್ನು ತಿಳಿಯುವುದು ಪ್ರಜೆಗಳ ಹಕ್ಕು ಎಂಬುದಿಷ್ಟೇ ಆಕೆಯ ವಾದ. ಆಧಾರಗಳ ಪಟ್ಟಿಯೇ 50 ಪುಟಗಳನ್ನು ಮೀರಿದ್ದಿತು. ಅಧ್ಯಕ್ಷ ಕೆನೆಡಿಯವರ ವಿಜ್ಞಾನ ಸಲಹಾ ಸಮಿತಿಯು 1963ರ ಮೇ ತಿಂಗಳಿನಲ್ಲಿ ಕೊಟ್ಟ ವರದಿ ಬಹುಮಟ್ಟಿಗೆ ಆಕೆಯನ್ನು ಸಮರ್ಥಿಸಿತು. ಮುಂದಿನ ತಿಂಗಳು ಸೆನೆಟ್ಟಿನ ಉಪಸಮಿತಿಯ ಮುಂದೆ ಆಕೆ ಸಾಕ್ಷ್ಯ ನುಡಿದಳು. ಸಭೆಗೆ ಅಂಜುವ ಸ್ವಭಾವ, ಒಳಗೆ ಕೊಲ್ಲುತ್ತಿರುವ ರೋಗ. ಆದರೂ ನುಡಿ ಸ್ಪಷ್ಟವಾಗಿದ್ದಿತು.

1964ರ ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ, ಕಾರ್ಸನ್ ನಿಧನಳಾದಳು. ತಾನು ಬಿತ್ತಿದುದರ ಫಲವನ್ನು ಕಾಣಲಿಲ್ಲ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಜವುಗುಗಳಿಗೆ ಡಿ.ಡಿ.ಟಿ. ಹಾಕುವುದರ ವಿರುದ್ಧ ನಾಗರಿಕರೂ ವಿಜ್ಞಾನಿಗಳೂ ಕೂಡಿ 1966ರಲ್ಲಿ ನ್ಯಾಯಾಲಯಕ್ಕೆ ಹೋದರು. ನೀರಿನಲ್ಲಿ ಅಣುಮಾತ್ರವಿರುವ ವಿಷವು ಸೂಕ್ಷ್ಮಜೀವಿಯಿಂದ ಸಣ್ಣ ಮೀನಿಗೆ, ಮೀನಿನಿಂದ ಹಕ್ಕಿಗೆ ಸಾಗುತ್ತ ಸಾಗುತ್ತ ಹಲವು ಪಟ್ಟು ಹೆಚ್ಚುವುದೆಂದೂ, ಅದರಿಂದ ಮೀನುಹಿಡುಕ ಗಿಡುಗಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆಯುವುದೆಂದೂ ಸಿದ್ಧವಾಯಿತು. 1972ರಲ್ಲಿ ಅಮೆರಿಕದಲ್ಲಿ ಡಿ.ಡಿ.ಟಿ.ಯ ಕೃಷಿ ಬಳಕೆ ನಿಂತಿತು. ಅದೇ ವರ್ಷ ಕಡಲಿಗೆ ಕಸ ಸುರಿಯುವುದನ್ನು ನಿಯಂತ್ರಿಸುವ ಲಂಡನ್ ಒಪ್ಪಂದವಾಯಿತು. 1993ರಲ್ಲಿ ಅದರ ಸದಸ್ಯ ರಾಷ್ಟ್ರಗಳು ಪರಮಾಣು ಕಸವನ್ನು ಸಮುದ್ರಕ್ಕೆ ಹಾಕುವುದನ್ನು ಪೂರ್ತಿಯಾಗಿ ನಿಷೇಧಿಸಲು ಒಪ್ಪಿದವು. ಅಳಿವಿನಂಚಿಗೆ ಸರಿದಿದ್ದ ಕಂದು ಪೆಲಿಕನ್ ಹಕ್ಕಿಯನ್ನು 2009ರಲ್ಲಿ ಅಮೆರಿಕದ ಅಪಾಯಸ್ಥ ಜೀವಿಗಳ ಪಟ್ಟಿಯಿಂದ ತೆಗೆಯಲಾಯಿತು.

ಸಾಹಿತಿಯು ಬರವಣಿಗೆಯನ್ನು ಬಿಟ್ಟು ಸಾರ್ವಜನಿಕ ಜಗಳಕ್ಕೆ ಇಳಿಯಬಹುದೇ ಎಂಬ ಪ್ರಶ್ನೆ ನಮ್ಮಲ್ಲಿಯೂ ಎದ್ದಿದೆ. ಕೈಗಾ ಅಣುಸ್ಥಾವರದ ವಿರೋಧವನ್ನು ಮುಂದಿಟ್ಟು, 1989ರಲ್ಲಿ ಮುಪ್ಪಿನ ವಯಸ್ಸಿನ ಶಿವರಾಮ ಕಾರಂತರು ಲೋಕಸಭೆಯ ಚುನಾವಣೆಗೆ ನಿಂತಾಗ ಹಲವರು ಹಾಗೆಯೇ ಕೇಳಿರಬೇಕು. ಕಾರ್ಸನ್ನಳ ಬಾಳು ಇದಕ್ಕೊಂದು ಉತ್ತರ. ಆಕೆ ಜಗಳಕ್ಕಾಗಿ ಬರವಣಿಗೆಯನ್ನು ಬಿಡಲಿಲ್ಲ. ಕಡಲನ್ನು ಪ್ರೀತಿಸಿ ಕಲಿತ ಬರವಣಿಗೆಯನ್ನೇ ಕಡಲಿನ ಕಷ್ಟಕಾಲದಲ್ಲಿ ಅದರ ಸೇವೆಗೆ ಒಡ್ಡಿದಳು. ಮೊದಲ ಮೂರು ಪುಸ್ತಕಗಳನ್ನು ಓದಿ ಕಡಲನ್ನು ಮೆಚ್ಚಿದ ಜನರೇ ನಾಲ್ಕನೆಯದನ್ನು ಓದಿ ಎಚ್ಚರಗೊಂಡರು. ಪ್ರೀತಿ ಹುಟ್ಟದ ಕಡೆ ರಕ್ಷಣೆಯ ಮಾತು ನಾಟುವುದಿಲ್ಲ.

ಆಕೆಯ ಚಿತಾಭಸ್ಮದ ಒಂದು ಭಾಗವನ್ನು ಆಪ್ತ ಗೆಳತಿಯು ಮೇನ್ ತೀರದ ಬಂಡೆಗಳ ಬಳಿ ಕಡಲಿಗೆ ಒಪ್ಪಿಸಿದಳು. ಒಳನಾಡಿನಲ್ಲಿ ಹುಟ್ಟಿ, ಇಪ್ಪತ್ತೆರಡರ ಪ್ರಾಯದಲ್ಲಿ ಮೊದಲ ಸಲ ಅಲೆಗಳನ್ನು ನೋಡಿದ ಹೆಣ್ಣುಮಗಳು ಹೀಗೆ ತನ್ನ ಕಡಲನ್ನು ಸೇರಿದಳು.